ಫಾಗ್‌ಗೆ ಸಿಕ್ಕ ಆ ಒಂದು ದಿನ

1956ರ ‘ಅರೌಂಡ್ ದ ವರ್ಲ್ಡ್ ಇನ್ 80 ಡೇಸ್’ ಚಿತ್ರವನ್ನು ಮಕ್ಕಳಿಗೆ ತೋರಿಸಿದರೆ ಕೊನೆಗೆ ಒಂದು ಪ್ರಶ್ನೆ ಖಂಡಿತ ಬರುತ್ತದೆ: 80 ದಿನದಲ್ಲಿ ಲೋಕ ಸುತ್ತುವೆನೆಂದು ಪಣ ಕಟ್ಟಿ, ತಡವಾಯಿತು ಎಂದುಕೊಂಡೇ ಲಂಡನ್ನಿಗೆ ಮರಳಿದ ಫಾಗ್‌ಗೆ ಒಂದು ದಿನ ಹೆಚ್ಚು ಸಿಕ್ಕಿದ್ದು ಹೇಗೆ? ಫಾಗ್‌ನ ಆಳಾಗಿ ನಟಿಸಿದ ಕ್ಯಾಂಟಿನ್‌ಫ್ಲಾಸ್‌ನ ಗೂಳಿ ಕಾಳಗಕ್ಕೆ ಬಿದ್ದು ಬಿದ್ದು ನಕ್ಕ ಮಗುವೂ ಇಲ್ಲಿ ತಬ್ಬಿಬ್ಬಾಗುತ್ತದೆ. ಇದು ಬಾಯಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಸಿನಿಮಾ ಸಂಜೆಗಿದ್ದರೆ ಬೆಳಿಗ್ಗೆಯೇ ಅಂಗಳದಲ್ಲಿ ನೆರಳಳೆಯುವ ಕೋಲು ನೆಡಿ.

ಗೂಳಿ ಕಾಳಗವಾಗಲಿ ಬಲೂನಾಗಲಿ ಜೂಲ್ಸ್ ವರ್ನ್‌ನ ಕಾದಂಬರಿಯಲ್ಲಿಲ್ಲ, ಸಿನಿಮಾದವರು ಸೇರಿಸಿದ್ದು. ಚೆನ್ನಾಗಿಯೇ ಸೇರಿಸಿದ್ದಾರೆ. ಆದರೆ ಗುಟ್ಟು ಇರುವುದು ಪುಸ್ತಕದ ಒಂದು ಗಡಿಯಾರದಲ್ಲಿ. ಆಳು ಪಾಸ್‌ಪಾರ್ತೂ ಮುತ್ತಜ್ಜನಿಂದ ಬಂದ ಆ ಗಡಿಯಾರವನ್ನು ಲಂಡನ್ ಸಮಯಕ್ಕೇ ಇಟ್ಟುಕೊಂಡಿದ್ದಾನೆ. ಸೂಯೆಜ್‌ನಲ್ಲಿ ಪತ್ತೇದಾರ ಫಿಕ್ಸ್ ಎರಡು ಗಂಟೆ ಹಿಂದಿದೆ ಎಂದರೂ ಮುಳ್ಳು ತಿರುಗಿಸುವುದಿಲ್ಲ. ಪೆಸಿಫಿಕ್ ನಡುವೆ ಅದು ಹಡಗಿನ ಗಡಿಯಾರಕ್ಕೆ ತಾನಾಗಿ ತಾಳೆಯಾದಾಗ ಹಿಗ್ಗಿ ಹೋಗುತ್ತಾನೆ. ಅದರಲ್ಲಿ 12ರ ಬದಲು 24 ಅಂಕೆ ಇದ್ದಿದ್ದರೆ, ಹಡಗಿನಲ್ಲಿ ಬೆಳಿಗ್ಗೆ 9 ಆದಾಗ ತನ್ನದು ರಾತ್ರಿ 9 ತೋರಿಸುತ್ತಿದೆ ಎಂದು ತಿಳಿಯುತ್ತಿತ್ತು!

ಊರೂರಿಗೆ ಸಮಯ ಹೀಗೆ ಬದಲಾಗುವುದನ್ನು ತೋರಿಸಲು ಇನ್ನು ಕೋಲು. ಒಂದು ಮೀಟರಿನ ನೇರವಾದ ಅಡಿಕೆ ಸಲಾಕೆ ಸಾಕು. ಸಮತಟ್ಟಾದ ಮಣ್ಣಿನ ಅಂಗಳದಲ್ಲಿ ನೆಟ್ಟು, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೆಟ್ಟಗಿದೆಯೇ ನೋಡಿ; ಪೂರ್ವಕ್ಕೋ ಪಶ್ಚಿಮಕ್ಕೋ ವಾಲಿದರೆ ಲೆಕ್ಕ ಕೆಡುತ್ತದೆ. 11 ಗಂಟೆಯ ಹೊತ್ತಿಗೆ ನೆರಳಿನ ತುದಿಗೆ ಮೊಳೆ ಚುಚ್ಚಿ ಸಮಯ ಬರೆದಿಡಿ. ಬುಡಕ್ಕೆ ದಾರ ಕಟ್ಟಿ, ಮೊಳೆಯವರೆಗಿನ ಅಳತೆಯಲ್ಲಿ ವೃತ್ತ ಗೀರಿ. ನೆರಳು ಕುಗ್ಗಿ, ಮತ್ತೆ ಬೆಳೆದು ಗೀರು ಮುಟ್ಟಿದ ಸಮಯವನ್ನೂ ಬರೆಯಿರಿ. ಎರಡರ ನಡುಮಧ್ಯವೇ ನಿಮ್ಮೂರಿನ ನಿಜವಾದ ಮಧ್ಯಾಹ್ನ, ಅಂದರೆ ಸೂರ್ಯ ಅತಿ ಎತ್ತರಕ್ಕೇರುವ ಹೊತ್ತು. ಅತಿ ಚಿಕ್ಕ ನೆರಳನ್ನೇ ಕಣ್ಣಲ್ಲಿ ಹಿಡಿಯಲು ಹೋದರೆ ಸೋಲುತ್ತೀರಿ, ಆಗ ಹತ್ತು ನಿಮಿಷವಾದರೂ ಉದ್ದ ಬದಲಾದಂತೆಯೇ ಕಾಣದು. ಉದ್ದದ ಕೋಲು ಹಾಕಿದರೂ ಲಾಭವಿಲ್ಲ: ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ, ಕೋಲು ಉದ್ದವಾದಷ್ಟೂ ತುದಿ ಮಸುಕಾಗುತ್ತದೆ. ಮಳೆಗಾಲದಲ್ಲಿ ಇದೆಲ್ಲ ಆಗುವ ಮಾತಲ್ಲ; ಡಿಸೆಂಬರಿನಿಂದ ಫೆಬ್ರುವರಿ ಒಳ್ಳೆಯದು.

ಜನವರಿ ಮಧ್ಯದಲ್ಲಿ ಉಡುಪಿಯಲ್ಲಿ 11:10ಕ್ಕೆ ಗುರುತು ಹಾಕಿದರೆ ನೆರಳು ಮತ್ತೆ ಗೀರು ಮುಟ್ಟುವುದು 2:10ರ ಸುಮಾರಿಗೆ. ಮಧ್ಯಾಹ್ನ 12:40ಕ್ಕೆ! ನಮ್ಮ ಗಡಿಯಾರ ತೋರಿಸುವ ಭಾರತೀಯ ಸಮಯ 82.5 ಡಿಗ್ರಿ ರೇಖಾಂಶದ್ದು, ಉಡುಪಿ ಇರುವುದು ಸುಮಾರು 74.75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ 31 ನಿಮಿಷ ಹಿಂದೆ. ಉಳಿದ 9 ನಿಮಿಷ ಋತುವಿನದು. ನವೆಂಬರ್ ಆರಂಭದಲ್ಲಿ ಮಧ್ಯಾಹ್ನ 12:15ಕ್ಕೇ ಬರುತ್ತದೆ, ಫೆಬ್ರುವರಿ ಮಧ್ಯಕ್ಕೆ 12:45.

ಆ 4 ನಿಮಿಷವನ್ನು 360ರಿಂದ ಮಕ್ಕಳೇ ಗುಣಿಸಲಿ. 1440 ನಿಮಿಷ, ಸರಿಯಾಗಿ 24 ಗಂಟೆ. ಸದಾ ಪೂರ್ವಕ್ಕೆ ಹೋದ ಫಾಗ್ ಸೂರ್ಯನಿಗೆ ಎದುರಾಗಿ ಓಡಿದ, ಅವನ ಒಂದೊಂದು ದಿನವೂ ಚೂರು ಗಿಡ್ಡವಾಯಿತು. ಅವನಿಗೆ 80 ಮಧ್ಯಾಹ್ನ ಆಗುವಷ್ಟರಲ್ಲಿ ಲಂಡನ್ನಿನ ಗೆಳೆಯರಿಗೆ ಆಗಿದ್ದು 79.

ಕಥೆ ಮುಗಿಯಿತೆಂದು ಏಳಬೇಡಿ. ಸಾಲ್ ಬಾಸ್ ಮಾಡಿದ, ಸಿನಿಮಾದ ಕೊನೆಯ ಹೆಸರುಗಳ ಪಟ್ಟಿ ಇಡೀ ಪ್ರಯಾಣವನ್ನು ಕಾರ್ಟೂನಿನಲ್ಲಿ ಮತ್ತೆ ಹೇಳುತ್ತದೆ. ಅದರಲ್ಲಿ ಫಾಗ್ ಮನುಷ್ಯನೇ ಅಲ್ಲ, ಟೋಪಿ ಹಾಕಿ ನಡೆಯುವ ಒಂದು ಗಡಿಯಾರ.