ಸೊದೋಮಿನಿಂದ ಯೆರೂಸಲೇಮಿನ ಸಭೆಯವರೆಗೆ

ಮುಂಬಯಿಯ ನಮ್ಮ ಕನ್ನಡ ಸಭೆಯ ಸತ್ಯವೇದ ಅಧ್ಯಯನದಲ್ಲಿ ಸಲಿಂಗಕಾಮದ ಮಾತು ಬಂದಾಗಲೆಲ್ಲ ಮೊದಲು ತೆರೆದುಕೊಳ್ಳುವುದು ಆದಿಕಾಂಡದ 19ನೆಯ ಅಧ್ಯಾಯ, ಸೊದೋಮ್ ಪಟ್ಟಣದ ನಾಶದ ಕಥೆ. ಹಿರಿಯರೊಬ್ಬರ ಬೈಬಲಿನಲ್ಲಿ ಆ ಪುಟದ ತುಂಬ ಕೆಂಪು ಪೆನ್ಸಿಲಿನ ಗೆರೆಗಳಿವೆ. ಸೊದೋಮಿನ ದೋಷವೆಂದರೆ ಗರ್ವ, ಹೊಟ್ಟೆ ತುಂಬಿದವರ ನಿಶ್ಚಿಂತೆ, ದರಿದ್ರರಿಗೆ ನೆರವಾಗದಿರುವುದು ಎಂದು ಹೇಳುವ ಯೆಹೆಜ್ಕೇಲ 16:49ಕ್ಕೆ ಒಂದು ಗೆರೆಯೂ ಬಿದ್ದಿಲ್ಲ. ಮರುವಚನದಲ್ಲೇ ಅಸಹ್ಯಕಾರ್ಯದ ಪ್ರಸ್ತಾಪವಿದೆಯಲ್ಲ ಎಂದು ಅವರು ಕೇಳುವುದು ನ್ಯಾಯವೇ. ಆದರೂ ಊರ ಗಂಡಸರು ಗುಂಪುಗೂಡಿ ಅತಿಥಿಗಳ ಮೇಲೆ ಬಲಾತ್ಕಾರಕ್ಕೆ ನುಗ್ಗಿದ ಕಥೆಯಿಂದ, ಇಬ್ಬರು ಮನಸಾರೆ ಒಪ್ಪಿ ಬಾಳುವುದರ ಕುರಿತು ತೀರ್ಪು ಹೇಳಲಾಗದು ಎಂದೇ ನನ್ನ ಅಭಿಪ್ರಾಯ.

ಗಂಡಸು ಗಂಡಸಿನೊಡನೆ ಮಲಗಬಾರದೆಂಬ ಯಾಜಕಕಾಂಡ 18:22ರ ನಿಷೇಧವಾದರೋ ಸ್ಪಷ್ಟವಾಗಿದೆ. ಅದಕ್ಕೆ ಉತ್ತರವಾಗಿ ಅದೇ ಗ್ರಂಥದ, ಎರಡು ಬಗೆಯ ನೂಲಿನ ಬಟ್ಟೆಯ ನಿಷೇಧವನ್ನು ಎತ್ತಿ ನಗುವುದು ಅಗ್ಗದ ವಾದ. ನೀತಿಯ ಆಜ್ಞೆ ಬೇರೆ, ಆಚರಣೆಯ ಆಜ್ಞೆ ಬೇರೆ ಎಂದು ಸಭೆ ಹಿಂದಿನಿಂದಲೂ ವಿಂಗಡಿಸಿಕೊಂಡು ಬಂದಿದೆ. ಆದರೆ ಆ ವಿಂಗಡಣೆ ಮೂಲದಲ್ಲಿಲ್ಲ: ನೆರೆಯವನನ್ನು ಪ್ರೀತಿಸು ಎಂಬ 19:18ರ ಬೆನ್ನಿಗೇ ಬಟ್ಟೆಯ ಮಾತು ಬರುತ್ತದೆ. ಬಡ ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬಾರದೆಂಬ 25:36 ನೀತಿಯೋ ಆಚರಣೆಯೋ? ಬ್ಯಾಂಕಿನಿಂದ ನಿವೃತ್ತರಾದವರೇ ಹೆಚ್ಚಿರುವ ನಮ್ಮ ಗುಂಪಿನಲ್ಲಿ ಈ ಪ್ರಶ್ನೆಗೆ ಇನ್ನೂ ಮುಹೂರ್ತ ಕೂಡಿಬಂದಿಲ್ಲ.

ನಿಜವಾಗಿ ಕಠಿಣವಾದದ್ದು, ಸಲಿಂಗ ಸಂಗವನ್ನು ಪ್ರಕೃತಿಗೆ ವಿರುದ್ಧವೆನ್ನುವ, ರೋಮಾಪುರದವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯ. ಅಲ್ಲಿ ಪೌಲನು ಮೋಶೆಯ ಧರ್ಮಶಾಸ್ತ್ರವನ್ನಲ್ಲ, ಸೃಷ್ಟಿಯನ್ನೇ ಆಧಾರವಾಗಿಟ್ಟುಕೊಳ್ಳುತ್ತಾನೆ. ವಿಗ್ರಹಾರಾಧನೆಯಿಂದ ಹುಟ್ಟಿದ ಮಿತಿಮೀರಿದ ಕಾಮವನ್ನಷ್ಟೇ ಅವನು ಖಂಡಿಸಿದ್ದಾನೆ ಎಂಬ ವಿವರಣೆ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಹಾಗೆಂದು, ಗಂಡಸಿಗೆ ಉದ್ದ ಕೂದಲು ಅವಮಾನವೆಂದು ಪ್ರಕೃತಿಯೇ ಕಲಿಸುತ್ತದೆ ಎಂದು ಕೊರಿಂಥದವರಿಗೆ ಬರೆದವನೂ ಅವನೇ. ಅದನ್ನು ಕಾಲದ ರೂಢಿಯೆಂದು ಬದಿಗಿಡುವ ನಾವು ಇದನ್ನು ಮಾತ್ರ ಶಾಶ್ವತವೆನ್ನಬೇಕಾದರೆ ಕಾರಣ ಕೊಡಬೇಕಾಗುತ್ತದೆ. ರೋಮಾಪುರದವರ ಪತ್ರದ 2:1ಕ್ಕೆ ಬರುವಷ್ಟರಲ್ಲಿ ಅವನ ಮಾತು ತೀರ್ಪು ಮಾಡುವವನ ಕಡೆಗೇ ತಿರುಗುತ್ತದೆ. ಅಧ್ಯಾಯ ಮುಗಿಯಿತೆಂದು ನಾವು ಪುಸ್ತಕ ಮುಚ್ಚುವುದು ಅದಕ್ಕೆ ಮೊದಲೇ.

ಪಾಪವೆಂದು ನಂಬುವುದಕ್ಕೂ ಅಪರಾಧವೆಂದು ಶಿಕ್ಷಿಸುವುದಕ್ಕೂ ಅಂತರವಿದೆ. 2013ರಲ್ಲಿ ಸುಪ್ರೀಂ ಕೋರ್ಟು ಸಲಿಂಗ ಸಂಗವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೆಯ ಕಲಮನ್ನು ಎತ್ತಿಹಿಡಿದಾಗ ಮುಂಬಯಿಯ ಅಂದಿನ ಆರ್ಚ್‌ಬಿಷಪ್ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಇದನ್ನು ಅಪರಾಧವಾಗಿ ಕಾಣುವುದನ್ನು ವಿರೋಧಿಸಿದ್ದರು. ಸಲಿಂಗ ವಿವಾಹವನ್ನೇನೂ ಅವರು ಒಪ್ಪಿರಲಿಲ್ಲ. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದ 2018ರ ತೀರ್ಪಿನ ನಂತರ ಕಾನೂನಿನ ಆ ಪ್ರಶ್ನೆ ಮುಗಿಯಿತು, ವಾಕ್ಯದ ಪ್ರಶ್ನೆ ಉಳಿಯಿತು.

ಅದಕ್ಕೆ ನಾವು ಓದಬೇಕಾದದ್ದು ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯ. ಯೆಹೂದ್ಯರಲ್ಲದ ವಿಶ್ವಾಸಿಗಳಿಗೂ ಸುನ್ನತಿ ಬೇಕೇ ಎಂಬುದು ಅಲ್ಲಿನ ಪ್ರಶ್ನೆ. ಸುನ್ನತಿಯ ಆಜ್ಞೆ ಸ್ಪಷ್ಟವಾಗಿದ್ದರೂ, ಸುನ್ನತಿಯಿಲ್ಲದವರ ಮೇಲೆ ಪವಿತ್ರಾತ್ಮ ಇಳಿದದ್ದನ್ನು ಕಣ್ಣಾರೆ ಕಂಡ ಪೇತ್ರನ ಸಾಕ್ಷಿಯನ್ನು ಯೆರೂಸಲೇಮಿನ ಸಭೆ ಕೇಳಿತು. ಬಳಿಕ ಆ ಸಭೆಯ ಮುಖಂಡ ಯಾಕೋಬನು ಪ್ರವಾದಿಗಳ ಗ್ರಂಥವನ್ನು ಆ ಬೆಳಕಿನಲ್ಲಿ ಓದಿದನು. ಅದೇ ಸಭೆ ಜಾರತ್ವದ ನಿಷೇಧವನ್ನು ಉಳಿಸಿಕೊಂಡಿತಲ್ಲ ಎಂಬ ಪ್ರತಿವಾದ ಗಟ್ಟಿಯಾದದ್ದು, ಅದನ್ನು ಹಾರಿಸಿ ಮುಂದೆ ಹೋಗಲಾಗದು. ಆದರೆ ಅಲ್ಲಿ ಸಾಕ್ಷಿ ಕೇಳಿದ ಮೇಲೆ ತೀರ್ಮಾನವಾಯಿತು. ನಮ್ಮ ಅಧ್ಯಯನದಲ್ಲಿ ಸಲಿಂಗಿ ವಿಶ್ವಾಸಿಯೊಬ್ಬನನ್ನು ಎದುರಿಗೆ ಕೂರಿಸಿಕೊಂಡು ಅವನ ಪ್ರಾರ್ಥನೆಯ ಅನುಭವ ಕೇಳಿದ್ದನ್ನು ನಾನು ಕಂಡಿಲ್ಲ. ಮುಂದಿನ ಪಾಠದ ಪಟ್ಟಿ ಮಾಡುವಾಗ ಈ ಮಾತನ್ನು ಸಭಾಪಾಲಕರ ಮುಂದಿಡುವವನಿದ್ದೇನೆ.