ಉತ್ತಮ ಪುರುಷದಲ್ಲಿ ಬರೆದು ತಾ

ನಮ್ಮ ಕನ್ನಡ ಮೇಷ್ಟ್ರಿಗೆ ನಾವು ಇಟ್ಟಿದ್ದ ಹೆಸರು ಅಮಾಸೆ ಮೇಷ್ಟ್ರು. ಅವರು ಕ್ರಿಶ್ಚಿಯನ್. ಬೈಬಲ್ಲಿನಲ್ಲಿ ಆಮೋಸ ಅಂತ ಒಬ್ಬ ಪ್ರವಾದಿ ಬರುತ್ತಾನೆ, ಮಾತೆತ್ತಿದರೆ ಅವನ ಕಥೆ ಹೇಳುತ್ತಿದ್ದರು. ಹಿಂದಿನ ಬೆಂಚಿನವರ ಬಾಯಲ್ಲಿ ಆಮೋಸ ಅಮಾಸೆ ಆದ. ಅವರಿಗೂ ಗೊತ್ತಿತ್ತು. ಒಂದು ದಿನ ಹಾಜರಿ ಕರೆದು ಮುಗಿಸಿ, "ಇವತ್ತು ಅಮಾಸೆ ಕಣ್ರೋ, ನನಗೆ ಪೂಜೆ ಮಾಡೋರು ಯಾರೂ ಇಲ್ವಾ?" ಅಂತ ಕೇಳಿ, ಅವರೇ ಮೊದಲು ನಕ್ಕರು.

ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದದ್ದು 1994ರಲ್ಲಿ. ಆಗ ದಾವಣಗೆರೆ ಇನ್ನೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಆ ವರ್ಷ ಜಿಲ್ಲೆಯ ಶಾಲೆಗಳಿಗೆಲ್ಲ ಸೇರಿಸಿ ದಾವಣಗೆರೆಯಲ್ಲಿ ಒಂದು ಪ್ರಬಂಧ ಸ್ಪರ್ಧೆ ಇತ್ತು. ವಿಷಯ, 'ನಮ್ಮ ದೇಶದ ನೈತಿಕ ಅಧಃಪತನ'. ನಿಜ ಹೇಳಬೇಕಂದ್ರೆ ನನಗೆ ದೇಶದ ಅಧಃಪತನಕ್ಕಿಂತ ಬೆಣ್ಣೆ ದೋಸೆ ಮುಖ್ಯವಾಗಿತ್ತು. ಹೆಸರು ಕೊಟ್ಟೆ.

ಅಭ್ಯಾಸಕ್ಕೆ ಅಂತ ನಾಲ್ಕು ಪುಟ ಬರೆದೆ. ಆಗಷ್ಟೇ ಮನೆಮನೆಗೆ ಕೇಬಲ್ ಟಿವಿ ಬರುತ್ತಿತ್ತು, ಮೊದಲ ಏಟು ಅದಕ್ಕೇ. ಆಮೇಲೆ ಸಿನಿಮಾ, ಲಂಚ ತಿನ್ನುವವರು, ಓಟಿಗೆ ಸೀರೆ ಹಂಚುವವರು, ಅಪ್ಪ ಅಮ್ಮನ ಮಾತು ಕೇಳದ ಯುವಕರು (ನನಗೆ ಆಗ ಹದಿನೈದು!). ನನಗೇ ಮೈ ಜುಮ್ಮೆನ್ನುವ ಹಾಗೆ ಬರೆದಿದ್ದೆ. ಮೇಷ್ಟ್ರು ಎರಡು ದಿನ ಇಟ್ಟುಕೊಂಡು ವಾಪಸ್ ಕೊಟ್ಟರು. ತಿದ್ದಿರಲಿಲ್ಲ. ಪುಟದ ತುಂಬ ಕೆಂಪು ಸೊನ್ನೆಗಳು. ಅವರು, ಇವರು, ಜನರು, ಕೆಲವರು, ಇಂಥವರು, ಹೀಗೆ ಎಲ್ಲೆಲ್ಲಿ ಬಂದಿತ್ತೋ ಅಲ್ಲೆಲ್ಲ ಸುತ್ತು ಹಾಕಿದ್ದರು. ಎಣಿಸಿದೆ, ನಲವತ್ತೊಂದು. ಕೆಳಗೆ ಒಂದೇ ಸಾಲು: ಉತ್ತಮ ಪುರುಷದಲ್ಲಿ ಬರೆದು ತಾ.

ವ್ಯಾಕರಣ ಮರೆತವರಿಗೆ ಹೇಳುತ್ತೇನೆ. ಅವನು, ಅವಳು, ಅವರು ಅನ್ನೋದು ಪ್ರಥಮ ಪುರುಷ. ನೀನು, ನೀವು ಮಧ್ಯಮ ಪುರುಷ. ನಾನು, ನಾವು ಉತ್ತಮ ಪುರುಷ.

"ವ್ಯಾಕರಣ ತಪ್ಪಾಗಿದೆಯಾ ಸಾರ್?"

"ವ್ಯಾಕರಣ ಸರಿ ಇದೆ. ಪುರುಷ ತಪ್ಪಿದೆ."

ಅವತ್ತು ಸಂಜೆ ಸ್ಟಾಫ್ ರೂಮಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಆಮೋಸನ ಕಥೆಯನ್ನು ಪೂರ್ತಿ ಹೇಳಿದರು. ಕ್ಲಾಸಿನಲ್ಲಿ ತುಂಡು ತುಂಡಾಗಿ ಕೇಳಿದ್ದೆ ಅಷ್ಟೆ. ಅವನು ಕುರಿ ಕಾಯುವವನು, ಅತ್ತಿಮರ ನೋಡಿಕೊಳ್ಳುವವನು. ಊರು ತೆಕೋವ, ಯೆಹೂದ ಸೀಮೆಯದು. ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಉತ್ತರದ ಇಸ್ರಾಯೇಲಿಗೆ ಹೋಗಿ ಮಾತಾಡಿದ. ಆಗ ಅಲ್ಲಿ ಬರಗಾಲ ಇರಲಿಲ್ಲ, ಸೋಲು ಇರಲಿಲ್ಲ. ದುಡ್ಡು ಜಾಸ್ತಿ ಇತ್ತು, ದಂತದ ಮಂಚ ಇತ್ತು, ಗುಡಿಗಳಲ್ಲಿ ಜಾತ್ರೆ ಜೋರಾಗಿತ್ತು. ಅವನು ಶುರು ಮಾಡಿದ್ದು ಅಕ್ಕಪಕ್ಕದವರಿಂದ. ದಮಸ್ಕದವರು ಹಾಳಾದರು, ಗಾಜಾದವರು ಹಾಳಾದರು, ತೂರ್, ಎದೋಮ್, ಅಮ್ಮೋನ್, ಮೋವಾಬ್. "ಕೇಳುತ್ತಾ ಕೂತವರು ಪ್ರತಿ ಹೆಸರಿಗೂ ಚಪ್ಪಾಳೆ ಹೊಡೆದಿರಬೇಕು ಅಲ್ವಾ, ನಿನ್ನ ನಾಲ್ಕು ಪುಟಕ್ಕೆ ಹೊಡೀತಾರಲ್ಲ ಹಾಗೆ. ಆಮೇಲೆ ಯೆಹೂದ ಅಂದ, ಅದು ಅವನದೇ ನಾಡು. ಕೊನೆಗೆ ಇಸ್ರಾಯೇಲ್ ಅಂದ. ಅಲ್ಲಿಗೆ ಚಪ್ಪಾಳೆ ನಿಂತಿತು."

ಇಸ್ರಾಯೇಲಿನವರ ಮೇಲಿನ ಆರೋಪ ಏನು ಗೊತ್ತಾ? ನಾನು ಬರೆದ ಥರದ್ದು ಯಾವುದೂ ಅಲ್ಲ. ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರಿದ್ದು. ಅಮಾವಾಸ್ಯೆ ಹಬ್ಬ ಯಾವಾಗ ಮುಗಿಯುತ್ತೋ, ಯಾವಾಗ ಅಂಗಡಿ ತೆಗೆದು ಕಾಳು ಮಾರುತ್ತೇವೋ ಅಂತ ಗುಡಿಯೊಳಗೇ ಲೆಕ್ಕ ಹಾಕಿದ್ದು. ಅಳತೆ ಕಿರಿದು ಮಾಡಿ, ತೂಕದ ಕಲ್ಲು ಭಾರ ಮಾಡಿದ್ದು. ಗೋಧಿಯ ಜೊತೆ ಕಸವನ್ನೂ ಮಾರಿದ್ದು.

ಇಲ್ಲಿಗೆ ಬಂದಾಗ ನನ್ನ ಮುಖ ಬಿಸಿಯಾಯಿತು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

"ಅದು ಹಳೇ ಕಾಲದ್ದು ಸಾರ್" ಅಂದೆ. ಅದಕ್ಕೆ ಜರ್ಮನಿಯ ಕಥೆ ತೆಗೆದರು. ಊರೂರಿಗೆ ಚರ್ಚ್ ಇದ್ದ, ಹುಟ್ಟಿದ ಹೆಚ್ಚಿನ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದ ದೇಶ ಅದು. ಅಲ್ಲಿನ ಪಾದ್ರಿ ಮಾರ್ಟಿನ್ ನೀಮೊಲರ್ ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ನಡೆಸಿದ್ದವನು, ಹಿಟ್ಲರ್ ಬಂದಾಗ ಮೊದಲು ಖುಷಿಪಟ್ಟವನೇ. ಆಮೇಲೆ ಎದುರು ನಿಂತ, 1937ರಲ್ಲಿ ಹಿಡಿದು ಹಾಕಿದರು, ಹೊರಗೆ ಬಂದಿದ್ದು 1945ರಲ್ಲಿ. ಆ ವರ್ಷ ಅಕ್ಟೋಬರಿನಲ್ಲಿ ಸ್ಟುಟ್‌ಗಾರ್ಟಿನಲ್ಲಿ ಅವನೂ ಬೇರೆ ಚರ್ಚ್ ಮುಖಂಡರೂ ಸೇರಿ ಒಂದು ಹೇಳಿಕೆಗೆ ಸಹಿ ಹಾಕಿದರು. ನಮ್ಮಿಂದ ಎಷ್ಟೋ ದೇಶಗಳಿಗೆ ಕೇಡಾಯಿತು, ನಾವು ಇನ್ನೂ ಧೈರ್ಯವಾಗಿ ಮಾತಾಡಬೇಕಿತ್ತು ಅನ್ನೋ ಅರ್ಥದ್ದು. ಜರ್ಮನಿಯಲ್ಲೇ ಎಷ್ಟೋ ಜನಕ್ಕೆ ಸಿಟ್ಟು ಬಂತು, ನಾವ್ಯಾಕೆ ತಪ್ಪು ಒಪ್ಪಬೇಕು ಅಂತ.

"ಎಂಟು ವರ್ಷ ಜೈಲಲ್ಲಿ ಇದ್ದವನು 'ನಾವು' ಅಂದ. ನೀನು ಎಷ್ಟು ವರ್ಷ ಇದ್ದೆಯಪ್ಪಾ?"

(ಆ ಹೇಳಿಕೆಯಲ್ಲಿ ಯೆಹೂದ್ಯರ ಹೆಸರೇ ಇಲ್ಲ ಅಂತ ನಾನು ಎಷ್ಟೋ ವರ್ಷ ಆದ ಮೇಲೆ ಓದಿದೆ. ಉತ್ತಮ ಪುರುಷದಲ್ಲಿ ಬರೆದರೂ ಮುಖ್ಯವಾದದ್ದನ್ನೇ ಬಿಟ್ಟು ಬರೆಯಬಹುದು. ಮೇಷ್ಟ್ರಿಗೆ ಹೇಳಿದೆ, "ಹೌದು, ಅದು ಅವತ್ತೇ ನಿನಗೆ ಹೇಳಬೇಕಿತ್ತು" ಅಂದರು.)

ಇನ್ನೊಂದು ನೆನಪು ಇಲ್ಲೇ ಹೇಳಿಬಿಡುತ್ತೇನೆ. ತಮ್ಮನ ಕಣ್ಣಿನ ರವೆ (ಅಂದರೆ ಕಸದ ಚೂರು) ನೋಡುವವನಿಗೆ ತನ್ನ ಕಣ್ಣಿನ ತೊಲೆ ಕಾಣಲ್ಲ ಅಂತ ಯೇಸು ಹೇಳಿದ್ದನ್ನು ಕ್ಲಾಸಿನಲ್ಲಿ ಹೇಳಿದಾಗ, ಕಣ್ಣಲ್ಲಿ ಉಪ್ಪಿಟ್ಟಿನ ರವೆ ಅಂದುಕೊಂಡು ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಮುರುಘಾ ಮಠದ ಹಾಸ್ಟೆಲಿನಿಂದ ಬರುತ್ತಿದ್ದ ಗೆಳೆಯ ಮಾತ್ರ ಎದ್ದು ನಿಂತು, "ಬಸವಣ್ಣನವರು ಲೋಕದ ಡೊಂಕು ಅಂದಿದ್ದೂ ಇದೇ ಅಲ್ವಾ ಸಾರ್?" ಅಂದ. ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟು ಅವನ ಕೈ ಕುಲುಕಿದರು.

ಈಗ ಮುಖ ಬಿಸಿಯಾದ ವಿಷಯ. ಸಂತೆಪೇಟೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇತ್ತು. ಸುತ್ತಲ ಹಳ್ಳಿಯವರು ಶೇಂಗಾ ತಂದು ಹಾಕುತ್ತಿದ್ದರು, ಅಪ್ಪ ಕೊಂಡು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಕಳಿಸುತ್ತಿದ್ದರು. ಎರಡು ಕೆಜಿಯ ಕಲ್ಲು ನಮ್ಮಲ್ಲಿ ಎರಡು ಇದ್ದವು. ಒಂದರ ಮೇಲೆ ಸರ್ಕಾರಿ ಮುದ್ರೆ ಇತ್ತು, ಇನ್ನೊಂದರ ಮೇಲೆ ಇರಲಿಲ್ಲ. ರೈತರ ಚೀಲ ಬಂದಾಗ ಹೊರಗೆ ಬರುತ್ತಿದ್ದದ್ದು ಮುದ್ರೆ ಇಲ್ಲದ್ದು, ಅದು ಭಾರ. ಇನ್ನು ಮಾರುವ ತಕ್ಕಡಿಯಲ್ಲಿ ಸಾಮಾನು ಹಾಕುವ ತಟ್ಟೆಯ ಅಡಿಗೆ ನಿಂಬೆಹಣ್ಣಿನಷ್ಟು ಹುಣಸೆಹಣ್ಣು ಅಂಟಿಸಿರುತ್ತಿತ್ತು. ಒಣಗಿ ಕಪ್ಪಗೆ ಕಲ್ಲಿನ ಥರ ಆಗಿತ್ತು. ಅದನ್ನು ಒದ್ದೆ ಮಾಡಿ ಮತ್ತೆ ಒತ್ತಿ ಕೂರಿಸುವ ಕೆಲಸ ನನ್ನದು. ಹಬ್ಬಕ್ಕೆ ಮುಂಚೆ ಮಾಡುತ್ತಿದ್ದೆ, ತಟ್ಟೆ ಉಜ್ಜಿದ ಮೇಲೆ.

ಆ ರಾತ್ರಿ ಅಂಗಡಿಯ ಮಣೆ ಮೇಲೆ ಕೂತು ಉತ್ತಮ ಪುರುಷದಲ್ಲಿ ಬರೆದೆ. ಮುಕ್ಕಾಲು ಪುಟಕ್ಕೆ ಮುಗಿದುಹೋಯಿತು. ಮೇಷ್ಟ್ರು ಓದಿ, ನಾಲ್ಕು ಮಡಿಕೆ ಮಾಡಿ ನನ್ನ ಜೇಬಿಗೇ ಇಟ್ಟರು. ಒಂದು ಕೆಂಪು ಗೆರೆ ಇಲ್ಲ. ಅದೇ ಶನಿವಾರ ಎಂದಿನ ಹಾಗೆ ನಮ್ಮ ಅಂಗಡಿಗೆ ಬಂದು ಒಂದು ಕೆಜಿ ಸಕ್ಕರೆ ಕೇಳಿದರು. ತೂಗಿದ್ದು ನಾನು. ಕೈ ನಡುಗಿ ತಟ್ಟೆ ಕುಣಿಯಿತು. ಒಂದು ಹಿಡಿ ಜಾಸ್ತಿ ಹಾಕಿದೆ. ಅವರು ತಟ್ಟೆಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಅಪ್ಪನ ಹತ್ತಿರ ಮಳೆ ಬಗ್ಗೆ ಮಾತಾಡಿ ಹೋದರು.

ದಾವಣಗೆರೆಯಲ್ಲಿ ನಾನು ಬರೆದದ್ದು ನಲವತ್ತೊಂದು ಸೊನ್ನೆಯ ಪ್ರಬಂಧ. ಮೂರನೇ ಬಹುಮಾನ ಬಂತು, ಒಂದು ಸ್ಟೀಲ್ ಲೋಟ. ಮೇಷ್ಟ್ರು ದೋಸೆ ಕೊಡಿಸಿದರು. ಆಲೂಗಡ್ಡೆ ಪಲ್ಯ, ತೆಳ್ಳಗಿನ ಕಾಯಿ ಚಟ್ನಿ, ದೋಸೆ ಮೇಲೆ ಕರಗುತ್ತಾ ಜಾರುವ ಬೆಣ್ಣೆ.

"ಯಾವುದು ಬರೆದೆ?"

"ಹಳೇದು ಸಾರ್."

ಬಯ್ಯುತ್ತಾರೆ ಅಂದುಕೊಂಡೆ. ಇನ್ನೊಂದು ದೋಸೆ ಹೇಳಿದರು. ಆಮೇಲೆ ಚಟ್ನಿ ಕಡೆ ನೋಡುತ್ತಾ, ಯಾವುದೋ ವರ್ಷ ಬೇರೆ ಊರಿಗೆ ಪರೀಕ್ಷೆ ಡ್ಯೂಟಿಗೆ ಹೋಗಿದ್ದಾಗ ಚೀಟಿ ಒಳಗೆ ಬರುತ್ತಿದ್ದದ್ದು ಗೊತ್ತಿದ್ದೂ ಮೂರು ಗಂಟೆ ಕಿಟಕಿ ಕಡೆ ಮುಖ ಮಾಡಿ ನಿಂತಿದ್ದೆ ಅಂದರು. ಹೊರಗೆ ಒಂದು ಬೇವಿನಮರ ಇತ್ತಂತೆ. ಅದರ ಕೊಂಬೆ ಎಷ್ಟು ಅಂತ ಈಗಲೂ ಹೇಳಬಲ್ಲೆ ಅಂದರು. ಒಬ್ಬ ಮೇಷ್ಟ್ರು ಒಬ್ಬ ಹುಡುಗನಿಗೆ ಇದನ್ನೆಲ್ಲ ಹೇಳುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

2023ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಚಿತ್ರದುರ್ಗ ರಾಜ್ಯಕ್ಕೇ ಮೊದಲು ಬಂತಲ್ಲ, ಶೇ 96.80. ಊರೆಲ್ಲ ಸಿಹಿ ಹಂಚಿದೆವು. ಮುಂದಿನ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿದರು. ಕೃಪಾಂಕ ಹೆಚ್ಚು ಕೊಟ್ಟ ಮೇಲೂ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ನಮ್ಮ ಜಿಲ್ಲೆ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಹೋಯಿತು. ಅವತ್ತು ಮೇಷ್ಟ್ರಿಗೆ ಫೋನ್ ಮಾಡಿದೆ. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ.

"ನೋಡಿ ಸಾರ್, ಈ ಜನ ಮಕ್ಕಳನ್ನ ಹೆಂಗೆ ಹಾಳು ಮಾಡಿಟ್ಟಿದ್ದಾರೆ" ಅಂತ ಶುರು ಮಾಡಿದೆ. ಒಂದೈದು ನಿಮಿಷ ಹೇಳಿರಬೇಕು. ಆ ಕಡೆ ಸದ್ದೇ ಇಲ್ಲ, ಲೈನ್ ಕಟ್ ಆಯ್ತಾ ಅಂದುಕೊಂಡೆ.

"ಯಾವ ಪುರುಷ?" ಅಂದರು.

"ಪ್ರಥಮ ಪುರುಷ ಸಾರ್."

"ಹೂಂ" ಅಂದರು. ಆಮೇಲೆ ಶೇಂಗಾ ಈ ಸಲ ಏನು ರೇಟು ನಡೀತಿದೆ ಅಂತ ಕೇಳಿದರು.