ಲೆಕ್ಕ ಬೇಡ ಅನ್ನುವವರಿಗೆ ಶೀಘ್ರಲಿಪಿ

ಲೆಕ್ಕ ಅಂದರೆ ಆಗದವರು ಕೆಲಸದ ಹೆಸರು ನೋಡಿ ಮೋಸ ಹೋಗುವುದೇ ಜಾಸ್ತಿ. ನರ್ಸಿಂಗ್‌ನಲ್ಲಿ ಎಂಥ ಲೆಕ್ಕ ಅಂತೀರಾ? 500 ಮಿಲಿ ಡ್ರಿಪ್ 4 ಗಂಟೆಯಲ್ಲಿ ಮುಗಿಯಬೇಕು, ಡ್ರಿಪ್ ಕೊಳವೆಯ ಸೆಟ್ಟು ಮಿಲಿಗೆ 20 ಹನಿಯದು. ಹಾಗಾದರೆ ನಿಮಿಷಕ್ಕೆ 42 ಹನಿ. ಇದನ್ನು ಹಾಸಿಗೆ ಪಕ್ಕ ನಿಂತೇ ಹಾಕಬೇಕು, ತಪ್ಪುವ ಹಾಗಿಲ್ಲ. ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಗಣಿತದ್ದೇ ಅಂತ ಬೇರೆ ಪತ್ರಿಕೆ ಇಲ್ಲ, ನಿಜ. ಸೇರಿದ ಮೇಲೆ ಲೆಕ್ಕ ಶಾಖೆಗೆ ಹಾಕಿದರೆ ಬಿಲ್ಲು, ಸಂಬಳದ ಪಟ್ಟಿ, ಖಜಾನೆ ಅಂತ ದಿನವಿಡೀ ಅಂಕಿಗಳೇ. ಖಾಸಗಿ ಕಂಪನಿಯಾದರೆ ಸಂದರ್ಶನದಲ್ಲೇ ಕೇಳಿಬಿಡಿ: ತಿಂಗಳ ಕೊನೆಗೆ ನಾನು ಏನು ರಿಪೋರ್ಟ್ ಕೊಡಬೇಕು? ಟಾರ್ಗೆಟ್, ಸ್ಟಾಕ್ ಅಂತ ಉತ್ತರ ಬಂದರೆ ಅಲ್ಲೂ ಲೆಕ್ಕವೇ ಅಂತ ಗೊತ್ತಾಯಿತಲ್ಲ.

ಕರಡು ತಿದ್ದುವುದು, ಅನುವಾದ, ಸ್ವಾಗತಕಾರರ ಕೆಲಸ ಇವೆಲ್ಲ ಇದ್ದೇ ಇವೆ. ಆದರೆ ಕಾಯಂ ಕೆಲಸ ಬೇಕಿದ್ದರೆ ಸ್ಟೆನೋಗ್ರಾಫರ್ (ಹೇಳಿದ್ದನ್ನು ಶೀಘ್ರಲಿಪಿಯ ಗುರುತುಗಳಲ್ಲಿ ಬೇಗ ಬರೆದುಕೊಂಡು ಟೈಪ್ ಮಾಡುವವರು) ಹುದ್ದೆ ನೋಡಿ. ಕೇಂದ್ರದ ಎಸ್‌ಎಸ್‌ಸಿ (ಸಿಬ್ಬಂದಿ ನೇಮಕಾತಿ ಆಯೋಗ) ಸ್ಟೆನೋ ಪರೀಕ್ಷೆಯ 200 ಅಂಕದಲ್ಲಿ 100 ಇಂಗ್ಲಿಷಿಗೇ, 50 ಸಾಮಾನ್ಯ ಜ್ಞಾನಕ್ಕೆ, 50 ರೀಸನಿಂಗ್‌ಗೆ (ತರ್ಕದ ಪ್ರಶ್ನೆಗಳು). ರೀಸನಿಂಗ್‌ನಲ್ಲಿ ಸಂಖ್ಯಾ ಸರಣಿಯಂಥ ಕೆಲವು ಪ್ರಶ್ನೆ ಬರಬಹುದು. ಆಮೇಲೆ 10 ನಿಮಿಷದ ಉಕ್ತಲೇಖನ: 'ಡಿ' ಗ್ರೇಡಿಗೆ ನಿಮಿಷಕ್ಕೆ 80 ಪದ, 'ಸಿ' ಗ್ರೇಡಿಗೆ 100. ನಮ್ಮ ಜಿಲ್ಲಾ ನ್ಯಾಯಾಲಯಗಳ ಹುದ್ದೆಗೆ ಕನ್ನಡದ ಬೆರಳಚ್ಚು, ಶೀಘ್ರಲಿಪಿಯೂ ಬೇಕು. ಅಧಿಸೂಚನೆಯಲ್ಲಿ ಯಾವ ದರ್ಜೆ (ಜೂನಿಯರ್, ಸೀನಿಯರ್) ಕೇಳಿದ್ದಾರೆ ನೋಡಿಕೊಂಡೇ ಕ್ಲಾಸಿಗೆ ಸೇರಿ.

ಶೀಘ್ರಲಿಪಿ ಕಲಿಯುವ ಹೆಚ್ಚಿನವರು ನಿಮಿಷಕ್ಕೆ 60 ಪದದ ವೇಗದ ಹತ್ತಿರ ಸಿಕ್ಕಿಕೊಳ್ಳುತ್ತಾರೆ. ಕೈ ನಿಧಾನ ಅಂದುಕೊಳ್ಳುತ್ತಾರೆ, ಸಾಮಾನ್ಯವಾಗಿ ಅದಲ್ಲ. ಪಿಟ್‌ಮನ್ ಎಂಬ ಶೀಘ್ರಲಿಪಿ ಪದ್ಧತಿಯಲ್ಲಿ ವ್ಯಂಜನಕ್ಕೆ ರೇಖೆ, ಸ್ವರಕ್ಕೆ ಚುಕ್ಕಿ, ಗೀಟು; ವೇಗ ಹೆಚ್ಚಿದಂತೆ ಈ ಸ್ವರಚಿಹ್ನೆ ಬಿಟ್ಟೇ ಬರೆಯಬೇಕು. ಹಾಳೆಯ ಗೆರೆಗಿಂತ ಮೇಲೆ, ಗೆರೆಗೆ ತಾಗಿ, ಗೆರೆಯನ್ನು ಸೀಳಿ ಹೀಗೆ ರೇಖೆ ಕೂರುವ ಜಾಗವೇ ಪದದ ಮೊದಲ ಸ್ವರ ಯಾವ ಗುಂಪಿನದೆಂಬ ಸುಳಿವು ಕೊಡುತ್ತದೆ. ಈ ಜಾಗದ ಮೇಲೆ ನಂಬಿಕೆ ಬರದವರು ಪ್ರತಿ ಪದಕ್ಕೂ ಚುಕ್ಕಿ, ಗೀಟು ಹಾಕುತ್ತಾ ಹಿಂದೆ ಬೀಳುತ್ತಾರೆ. ಬರೆದದ್ದನ್ನು ಅವತ್ತೇ ಓದಿ ಟೈಪ್ ಮಾಡದವರಿಗೆ ಇನ್ನೊಂದು ಪೇಚು: ಮಾರನೇ ದಿನ ತಮ್ಮದೇ ರೇಖೆ ತಮಗೇ ಓದಲು ಬರುವುದಿಲ್ಲ. ಅರ್ಧ ಗಂಟೆ ಬರೆದರೆ ಒಂದು ಗಂಟೆ ಓದುವುದಕ್ಕೆ ಇಟ್ಟುಕೊಳ್ಳಿ.